ಊರು ಕಂಡಿತು ಅನ್ನುವ ಗಳಿಗೆ

ನಮ್ಮ ಕಡೆ, ಕಾಗವಾಡ, ಶೇಡಬಾಳ, ಉಗಾರದ ಸೀಮೆಯಲ್ಲಿ, ‘ಮಿರಜಕ್ಕ ಹೋಗ್ಯಾರ’ ಎಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಆ ಮನೆಯಲ್ಲಿ ಯಾರಿಗೋ ಆರಾಮಿಲ್ಲ ಎಂದೇ ಅರ್ಥ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿಯ ಜನ ಚಕ್ಕಡಿಯಲ್ಲಿ, ರೈಲಿನಲ್ಲಿ, ಕೆಂಪು ಬಸ್ಸಿನಲ್ಲಿ ಮಿರಜದ ಹಾದಿ ಸವೆಸಿದ್ದಾರೆ. ರಾಜ್ಯಗಳ ಗಡಿ ಬಂದದ್ದು ಆಮೇಲೆ. ಬೇನೆಗೆ ಗಡಿ ಗೊತ್ತಿರಲಿಲ್ಲ, ಮಿಶನ್ ದವಾಖಾನಿಯ ಸಾಲಿನಲ್ಲಿ ನಿಂತವರು ಕನ್ನಡದಲ್ಲಿ ನರಳಿದರೂ ಮರಾಠಿಯಲ್ಲಿ ನರಳಿದರೂ ಡಾಕ್ಟರಿಗೆ ತಿಳಿಯುತ್ತಿತ್ತು.

ನಾನು ಮೊದಲ ಸಲ ಮಿರಜಕ್ಕೆ ಹೋದದ್ದೂ ಹಾಗೆಯೇ. ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಆಗೆಲ್ಲ ಪೊರೆ ತೆಗೆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಿಸದಂತೆ ದಿನಗಟ್ಟಲೆ ಇರಬೇಕಾಗಿತ್ತು. ಪರಿಚಯದವರೊಬ್ಬರ ಮನೆಯ ಮಾಳಿಗೆಯ ಮೇಲಿನ ಖೋಲಿಯಲ್ಲಿ ಉಳಿದಿದ್ದೆವು. ಎಂಟು ವರ್ಷದ ನಾನೇ ಅಜ್ಜನ ಕಣ್ಣು. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆಯ ಮೋಟುಗೋಡೆಗೆ ಒರಗಿ ಕೂತು, ‘ಏನೇನ ಕಾಣಸ್ತೈತಿ ಹೇಳ ತಮ್ಮಾ’ ಅನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಹೆಂಚಿನ ಮನೆಗಳು, ಹೊಗೆ, ಬೇವಿನ ಗಿಡ, ಹದ್ದು. ಅವುಗಳ ಮೇಲೆ ಮೀರಾಸಾಹೇಬರ ದರ್ಗಾದ ಗುಮ್ಮಟ. ‘ಎಷ್ಟ ದೊಡ್ಡದೈತಿ?’ ‘ಭಾಳ ದೊಡ್ಡದೈತಿ ಯಜ್ಜಾ, ನಮ್ಮೂರ ಬಸವಣ್ಣನ ಗುಡಿ ಹತ್ತ ಕೂಡಿಸಿದಷ್ಟ.’ ದಿನಕ್ಕೊಂದು ಮೊಳ ಅದನ್ನು ಬೆಳೆಸುತ್ತ ಹೋದೆ.

ಪಟ್ಟಿ ಬಿಚ್ಚಿದ ದಿನ ಅಜ್ಜ ಗೋಡೆ ಹಿಡಿದು ನಿಂತು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಆ ಕಡೆ ನೋಡಿದರು. ‘ಇಷ್ಟ ಏನೋ?’ ಎಂದರು. ನನ್ನ ಮುಖ ಇಳಿಯಿತು. ಮತ್ತೂ ಸ್ವಲ್ಪ ಹೊತ್ತು ನೋಡಿ, ‘ಇರಲಿ ಬಿಡು. ಮಿರಜ ಕಂಡ್ತಲ್ಲ’ ಎಂದರು.

ಊರಿನ ತಲೆಗಳು ಆಕಾಶಕ್ಕೆ ಅಂಟಿಕೊಂಡು ಬರೆಯುವ ಗೆರೆಗೆ ಇಂಗ್ಲಿಷಿನಲ್ಲಿ ಸ್ಕೈಲೈನ್ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೊಂದು ನೆಲೆನಿಂತ ಶಬ್ದವಿಲ್ಲ. ಆದರೆ ಆ ಗೆರೆ ಕಣ್ಣಿಗೆ ಬಿದ್ದ ಗಳಿಗೆಗೆ ಮಾತಿದೆ: ‘ಊರು ಕಂಡಿತು.’ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಶಿಖರ ಕಂಡ ಕೂಡಲೆ ಕೈ ಮುಗಿಯುತ್ತಾನೆ, ಕಾಲಿನ ಗುಳ್ಳೆ ಮರೆಯುತ್ತಾನೆ. ಸಂತೆಯಿಂದ ಕತ್ತಲಲ್ಲಿ ಬರುವವನಿಗೆ ಗುಡಿಯ ಗೋಪುರದ ದೀಪ ಸಾಕು. ಯಾವ ನಗರದ ಸ್ಕೈಲೈನ್ ಭರ್ಜರಿ, ಯಾವುದು ನೀರಸ ಎಂದು ಅಂಕ ಹಾಕುವವರು ಗಗನಚುಂಬಿಗಳನ್ನು ಎಣಿಸುತ್ತಾರೆ. ನಾನು ಅಜ್ಜನ ಆ ಎರಡು ಮಾತನ್ನು ಇಟ್ಟುಕೊಂಡು ಅಳೆಯುತ್ತ ಬಂದಿದ್ದೇನೆ. ಇಷ್ಟೇ ಏನು, ಎಂಬುದು ಒಂದು. ಊರು ಕಂಡಿತಲ್ಲ, ಎಂಬುದು ಇನ್ನೊಂದು. ಎರಡನೆಯದು ಹೆಚ್ಚಿನದೆಂದು ನನಗೆ ಅನಿಸಿದೆ. ಅದು ಹೆಚ್ಚಿನದೇಕೆ ಎಂದು ತಿಳಿಯಲು ಸಾಂಗ್ಲಿ–ಮಿರಜದಂಥ ಜೋಡಿ ಊರು ಬೇಕು.

ಭರ್ಜರಿಯೇ ಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ಮಿರಜದಿಂದ ಪೂರ್ವಕ್ಕೆ ಹೊರಟು, ಜತ್ ತಾಲ್ಲೂಕಿನ ಬರದ ನೆಲ ದಾಟಿ ವಿಜಯಪುರದ ಕಡೆ ನಡೆದರೆ ಸಾಕು. ಎರೆಹೊಲದ ಸಪಾಟು ಬಯಲಿನ ಕೊನೆಯಲ್ಲಿ ಊರಿಗಿಂತ ಮೊದಲು ಗೋಲಗುಮ್ಮಟ ಏಳುತ್ತದೆ. ಮೊದಲು ಬೋರಲು ಹಾಕಿದ ಬಟ್ಟಲಿನಂತೆ, ಆಮೇಲೆ ಮೋಡದಂತೆ, ಕೊನೆಗೆ ಕಣ್ಣಿನ ತುಂಬ ಗುಮ್ಮಟವೇ. 51 ಮೀಟರ್ ಎತ್ತರ, 44 ಮೀಟರ್ ಅಗಲದ ಆ ಗುಮ್ಮಟದ ಕೆಳಗೆ ಮುಹಮ್ಮದ್ ಆದಿಲ್ ಶಾ ಮಲಗಿದ್ದಾನೆ. ಅವನು ತೀರಿಕೊಂಡದ್ದು 1656ರಲ್ಲಿ. ಮೂರೂವರೆ ಶತಮಾನದಿಂದ ಆ ಊರಿನ ಆಕಾಶದಲ್ಲಿ ಅದಕ್ಕೆ ಎದುರು ನಿಂತದ್ದು ಯಾವುದೂ ಇಲ್ಲ. ಒಂದು ಕಾಲಕ್ಕೆ ಮಿರಜವೂ ಆದಿಲ್ ಶಾಹಿಗಳದೇ. ಅಧಿಕಾರ ಎಲ್ಲಿ ಕೂತಿತ್ತೋ ಅಲ್ಲಿ ಎತ್ತರ ಎದ್ದಿತು. ಮಿರಜದಂಥ ಠಾಣ್ಯದ ಊರಿಗೆ ಕೋಟೆ, ಕಂದಕ, ಒಬ್ಬ ಸೂಫಿಯ ಗೋರಿ ದಕ್ಕಿದವು.

ವಿಜಯಪುರದ ಆಕಾಶ ಇನ್ನೂ ಉಳಿದಿರುವುದಕ್ಕೆ ಕಾನೂನಿನ ಕೈಯೂ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಬಿಗಿ ಮಾಡಿದೆ. ಹತ್ತಿರದಿಂದ ನೋಡುವವರ ಕಣ್ಣನ್ನು ಅದು ಕಾಯುತ್ತದೆ. ಐದು ಮೈಲಿ ಆಚೆಯಿಂದ ಊರಿಗೆ ಬರುತ್ತಿರುವವನ ಕಣ್ಣನ್ನು ಕಾಯುವ ಕಾನೂನು ನಮ್ಮಲ್ಲಿ ಹುಟ್ಟಿಲ್ಲ. ಲಂಡನ್ನಿನಲ್ಲಿದೆ. ಅಲ್ಲಿಯ ರಿಚ್ಮಂಡ್ ಪಾರ್ಕಿನ ಒಂದು ದಿಬ್ಬದ ಮೇಲೆ ನಿಂತರೆ, ಬೇಲಿಯ ಗಿಡಗಳಲ್ಲಿ ಬಿಟ್ಟ ಕಿಂಡಿಯೊಳಗಿಂದ, ಹತ್ತು ಮೈಲಿ ದೂರದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುತ್ತದೆ. ಆ ಒಂದು ನೋಟಕ್ಕೆ ಅಡ್ಡವಾಗಿ ಯಾರೂ ಕಟ್ಟಬಾರದೆಂದು ನಗರ ಯೋಜನೆಯಲ್ಲೇ ಬರೆದಿಟ್ಟಿದ್ದಾರೆ. ಪ್ಯಾರಿಸ್ಸಿನವರು ಪೆಟ್ಟು ತಿಂದು ಕಲಿತರು. 1973ರಲ್ಲಿ ಮೊಂಪಾರ್ನಾಸ್ ಎಂಬಲ್ಲಿ 210 ಮೀಟರಿನ ಕರಿಯ ಗೋಪುರ ಎದ್ದಾಗ ಊರಿಗೆ ಊರೇ ಮುನಿದು, ನಾಲ್ಕೇ ವರ್ಷದಲ್ಲಿ ನಗರದೊಳಗೆ 37 ಮೀಟರಿಗಿಂತ ಮೇಲೆ ಏಳಕೂಡದೆಂದು ಗೆರೆ ಎಳೆದುಬಿಟ್ಟಿತು. ನಮ್ಮ ಮೈಸೂರಿಗೆ ಚಾಮುಂಡಿ ಬೆಟ್ಟವೇ ದೊಡ್ಡ ಉಪಕಾರ ಮಾಡಿದೆ. ಮೇಲಿಂದ ನೋಡಲು ಒಂದು ಜಾಗ ಇದೆಯೆಂದಮೇಲೆ, ಕೆಳಗೆ ಅರಮನೆಯ ಕೆಂಪು ಗುಮ್ಮಟಗಳನ್ನೂ ಫಿಲೋಮಿನಾ ಚರ್ಚಿನ ಜೋಡಿ ಮೊನೆಗಳನ್ನೂ ದಿನಾ ಹುಡುಕುವ ಸಾವಿರ ಕಣ್ಣುಗಳಿರುತ್ತವೆ. ಬೆಂಗಳೂರಿನಲ್ಲಿ ಎತ್ತರಕ್ಕೇನೂ ಕೊರತೆಯಿಲ್ಲ. ಆದರೆ ಅಲ್ಲಿ ನಿಂತು ‘ಅಗೋ ಊರು’ ಎಂದು ಬೊಟ್ಟು ಮಾಡಲು ಒಂದು ದಿಕ್ಕು ಉಳಿದಿಲ್ಲ.

ಸಾಂಗ್ಲಿ–ಮಿರಜವನ್ನು ಮೇಲಿಂದ ನೋಡಬೇಕೆಂದು ಕಳೆದ ಕಾರ್ತಿಕದಲ್ಲಿ ದಂಡೋಬಾ ಗುಡ್ಡ ಹತ್ತಿದೆ. ಮಿರಜದಿಂದ ಪೂರ್ವಕ್ಕೆ, ಭೋಸೆ ಊರಿನ ಹತ್ತಿರ, ಕಾಡು ಬೆಳೆಸಿದ ಗುಡ್ಡ ಅದು. ಬಂಡೆ ಕೊರೆದು ಮಾಡಿದ ಶಿವನ ಗುಡಿ ಇದೆ. ಮಂಜು ಕರಗುವ ಹೊತ್ತಿಗೆ ಕೆಳಗೆ ದ್ರಾಕ್ಷಿ ತೋಟಗಳ ಸಾಲು ತಿಳಿಯಾಯಿತು. ಪೂರ್ವದ ಒಣ ಸೀಮೆಯಲ್ಲಿ, ಢಾಲಗಾಂವ ಕಡೆ, ಗಾಳಿಯಂತ್ರಗಳು ನಿಧಾನಕ್ಕೆ ಕೈ ತಿರುಗಿಸುತ್ತಿದ್ದವು. ಪಶ್ಚಿಮಕ್ಕೆ ತಿರುಗಿ ಜೋಡಿ ಊರನ್ನು ಹುಡುಕಿದೆ. ಐದು ಲಕ್ಷ ಜನರ ಮಹಾನಗರಪಾಲಿಕೆ ಅದು. 1998ರಲ್ಲಿ ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಕಟ್ಟಿ ಒಂದು ಮಾಡಿದ್ದು. ಕಂಡದ್ದು ಒಂದು ಬಿಳಿಚು ಪಟ್ಟಿ. ಹೊಲದಂಚಿಗೆ ಸುಣ್ಣ ಚೆಲ್ಲಿದ ಹಾಗೆ. ಅದರ ಮೇಲೆ ಅಲ್ಲಲ್ಲಿ ಮೊಬೈಲ್ ಟವರಿನ ಕಡ್ಡಿ, ನೀರಿನ ಟಾಕಿ, ಸರಿಯಾದ ಚೌಕದ ನಾಲ್ಕಾರು ಅಪಾರ್ಟ್‌ಮೆಂಟು. ಮಿರಜ ಎಲ್ಲಿ ಮುಗಿದು ಸಾಂಗ್ಲಿ ಎಲ್ಲಿ ಶುರುವಾಯಿತೋ ತಿಳಿಯದು. ದರ್ಗಾದ ಗುಮ್ಮಟಕ್ಕಾಗಿ ಬಹಳ ಹುಡುಕಿದೆ, ಸಿಗಲಿಲ್ಲ. ಜೊತೆಗಿದ್ದ ಭೋಸೆಯ ಹುಡುಗ ನನ್ನ ಸಂಕಟ ನೋಡಿ, ‘ತೇ ಕಾಯ್, ಮಿರಜ’ ಎಂದು ಒಂದು ಕಡೆ ಕೈ ಮಾಡಿದ. ಅವನು ತೋರಿಸಿದ್ದನ್ನು ಹುಬ್ಬಳ್ಳಿ ಅಂದಿದ್ದರೂ, ಇಚಲಕರಂಜಿ ಅಂದಿದ್ದರೂ ನಾನು ಒಪ್ಪಬೇಕಾಗುತ್ತಿತ್ತು.

ನನಗೆ ನಿರಾಶೆಯಾದದ್ದು ಅಲ್ಲಿ. ಈ ಊರುಗಳು ತಗ್ಗಾಗಿವೆ ಎಂಬುದು ನನ್ನ ದೂರಲ್ಲ. ತಗ್ಗಾಗಿರಲು ಅವಕ್ಕೆ ಕಾರಣಗಳಿವೆ. ಕಾಲ ಕೆಳಗಿನದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಬಾಯಿ ತೆರೆಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಸಿದರಷ್ಟೇ ಗೋಡೆ ನಿಲ್ಲುತ್ತದೆ. ಪಕ್ಕಕ್ಕೆ ಹರಡಲು ನೆಲವಿತ್ತು, ಮೇಲಕ್ಕೆ ಏರುವ ಜರೂರು ಇರಲಿಲ್ಲ. ಮೇಲಾಗಿ ಸಾಂಗ್ಲಿ ತನ್ನ ಸಂಪತ್ತನ್ನು ಎತ್ತರಕ್ಕೇರಿಸಿ ತೋರಿಸಿದ ಊರೇ ಅಲ್ಲ. ಅದು ತನ್ನ ಸಂಪತ್ತನ್ನು ನೆಲದೊಳಗೆ ಇಟ್ಟಿತು.

ಇದು ಅಲಂಕಾರದ ಮಾತಲ್ಲ. ಸಾಂಗ್ಲಿಗೆ ತಾಗಿ, ಕೃಷ್ಣೆಗೆ ವಾರಣಾ ಬಂದು ಸೇರುವ ಜಾಗದಲ್ಲಿ ಹರಿಪುರ ಇದೆ. ಸಂಗಮೇಶ್ವರನ ಗುಡಿಯ ಊರು. ಅಲ್ಲಿಯ ನೆಲದಲ್ಲಿ ಸಾಂಗ್ಲಿಯ ಪೇಟೆಯವರು ಅರಿಸಿನ ಹೂಳುತ್ತಿದ್ದರು. ಮರಾಠಿಯಲ್ಲಿ ಪೇವ್ ಅನ್ನುತ್ತಾರೆ, ನಮ್ಮ ಕಡೆಯ ಹಗೇವೇ ಅದು. ಬಾಯಿ ಕಿರಿದು, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ತಳಕ್ಕೂ ಗೋಡೆಗೂ ಒಣಹುಲ್ಲು ಕೊಟ್ಟು, ಅರಿಸಿನದ ಕೊಂಬು ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಒಳಗೆ ಹುಳ ಬದುಕುವಷ್ಟು ಗಾಳಿಯೇ ಇರುತ್ತಿರಲಿಲ್ಲ. ಹಾಗಾಗಿಯೇ ಹಗೇವು ತೆಗೆಯುವ ದಿನ ಎಲ್ಲರೂ ಎಚ್ಚರ. ಬಾಯಿ ಬಿಚ್ಚಿ ಹೊತ್ತುಗಟ್ಟಲೆ ಬಿಡಬೇಕಿತ್ತು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕಿತ್ತು. ದೀಪ ಆರಿದರೆ ಮನುಷ್ಯ ಇಳಿಯುವಂತಿರಲಿಲ್ಲ. ಉರಿದರೆ ಒಬ್ಬ ಇಳಿದು, ಮೊಣಕಾಲು ಮಟ್ಟದ ಹಳದಿಯಲ್ಲಿ ನಿಂತು, ಬುಟ್ಟಿ ತುಂಬಿ ಕೊಡುತ್ತಿದ್ದ. ಹತ್ತು ಬುಟ್ಟಿ ಬರುವಷ್ಟರಲ್ಲಿ ಮೇಲೆ ಎಳೆಯುವವನ ಅಂಗೈ, ಹುಬ್ಬು, ರೆಪ್ಪೆ ಎಲ್ಲ ಹಳದಿ.

ದೇಶದ ಅರಿಸಿನ ಪೇಟೆಗಳಲ್ಲಿ ಹೆಸರಾದ ಊರು ಇದು. 2018ರಲ್ಲಿ ಸಾಂಗ್ಲಿ ಅರಿಸಿನಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಬೇರೆ ಪೇಟೆಯಾಗಿದ್ದರೆ ಇಷ್ಟು ಹಣ ಓಡಾಡಿದ ಕಡೆ ಒಂದು ಗಡಿಯಾರದ ಗೋಪುರವೋ ಹತ್ತು ಅಂತಸ್ತಿನ ಗೋದಾಮೋ ಎದ್ದಿರುತ್ತಿತ್ತು. ಇಲ್ಲಿ ಲಕ್ಷಾಂತರ ರೂಪಾಯಿಯ ಮಾಲಿನ ಮೇಲೆ ಆಡು ಮೇಯುತ್ತಿದ್ದವು. 2005ರ ಮಹಾಪೂರದಲ್ಲಿ ಕೃಷ್ಣೆ ಹರಿಪುರದ ಹಗೇವುಗಳಿಗೆ ನುಗ್ಗಿತು, ಅರಿಸಿನ ಕೊಳೆಯಿತು. ಅಲ್ಲಿಂದೀಚೆಗೆ ವ್ಯಾಪಾರಿಗಳು ನೆಲದ ಮೇಲಿನ ಗೋದಾಮು, ಶೀತಗೃಹಗಳ ಕಡೆ ತಿರುಗಿದ್ದಾರೆ. ಅಂದರೆ ಈ ಊರಿನ ಸಂಪತ್ತು ನೆಲ ಬಿಟ್ಟು ಮೇಲಕ್ಕೆ ಎದ್ದದ್ದು ಹೊಳೆಯ ಏಟಿಗೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾಂಗ್ಲಿಗೆ ಮುಖ ಎಂಬುದೊಂದು ಇದ್ದರೆ ಅದು ಹೊಳೆಯ ಕಡೆಗಿದೆ. 1801ರಲ್ಲಿ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಮಿರಜದ ಮನೆತನದಿಂದ ಬೇರೆಯಾಗಿ ಇಲ್ಲಿಗೆ ಬಂದಾಗ, ಸಾಂಗ್ಲಿ ಆರು ಗಲ್ಲಿಗಳ ಊರಾಗಿತ್ತಂತೆ. ‘ಸಹಾ ಗಲ್ಲಿ’ಯೇ ಸಾಂಗ್ಲಿ ಆಯಿತೆಂದು ಊರವರು ಹೇಳುತ್ತಾರೆ. ಅಪ್ಪಾಸಾಹೇಬರು ಹೊಳೆಯ ದಂಡೆಯಲ್ಲಿ ಗಣಪತಿಯ ಗುಡಿ ಕಟ್ಟಿಸಲು ತೊಡಗಿದರು. ಜ್ಯೋತಿಬಾ ಗುಡ್ಡದ ಕರಿಕಲ್ಲು ತರಿಸಿ, ದಶಕಗಳ ಕಾಲ ಕೆಲಸ ನಡೆಯಿತು. ಅದರ ಶಿಖರ ಆಕಾಶವನ್ನು ಸೀಳುವಂಥದಲ್ಲ, ಗೋಪುರದ ಬೆರಗೂ ಅದರಲ್ಲಿಲ್ಲ. ಆದರೆ ಹೊಳೆಯಾಚೆಯ ಸಾಂಗ್ಲಿವಾಡಿಯಿಂದ ಬರುವವರಿಗೆ ಊರು ಎಂದರೆ ಗಿಡಗಳ ಸಂದಿಯಲ್ಲಿ ಅದು, ಮತ್ತು 1929ರಲ್ಲಿ ಕಟ್ಟಿ ಮುಗಿಸಿ ವೈಸರಾಯ್ ಹೆಸರಿಟ್ಟ ಆಯರ್ವಿನ್ ಸೇತುವೆ. ಅಷ್ಟೇ ಗೆರೆ. ಮೇಲೆ ಒಂದು ಮೊನೆ, ಕೆಳಗೆ ಉದ್ದಕ್ಕೆ ಸೇತುವೆ, ಅದರ ಕೆಳಗೆ ನೀರು. ಸಕ್ಕರೆ ಕಾರ್ಖಾನೆಯ ಚಿಮಣಿಯ ಹೊಗೆ ಅದಕ್ಕೆ ಕೂಡಿದ್ದು ಐವತ್ತರ ದಶಕದಿಂದೀಚೆಗೆ. ಕಬ್ಬು ನುರಿಸುವ ಹಂಗಾಮು ಶುರುವಾಯಿತೋ ಇಲ್ಲವೋ ಎಂದು ಹೊಲದಲ್ಲಿ ನಿಂತೇ ತಿಳಿಯುತ್ತಿತ್ತು. ಊರಿನ ಎತ್ತರಗಳೆಲ್ಲ ಹೀಗೆ ಏನಾದರೊಂದು ಹೇಳುತ್ತಿದ್ದವು.

ಮಿರಜದ ಮುಖ ಬೇರೆ. ಮೂರು ಅಳತೆಯ ಹಳಿಗಳು ಬಂದು ಕೂಡಿದ್ದ ಜಂಕ್ಷನ್ನು. ಪುಣೆಯಿಂದ ಬ್ರಾಡ್ ಗೇಜು, ಲೋಂಡಾ ಕಡೆಯಿಂದ ಮೀಟರ್ ಗೇಜು, ಪಂಢರಪುರದ ಕಡೆಯಿಂದ ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಗಾಡಿ. 2016ರ ಬೇಸಿಗೆಯಲ್ಲಿ ಲಾತೂರಿಗೆ ಕುಡಿಯುವ ನೀರು ಹೊತ್ತು ಹೋದ ರೈಲು ಹೊರಟದ್ದೂ ಇದೇ ನಿಲ್ದಾಣದಿಂದ. ಊರೊಳಗೆ ಹೊಕ್ಕರೆ ಆಸ್ಪತ್ರೆಗಳು, ಔಷಧದಂಗಡಿಗಳು, ಅವುಗಳ ನಡುವೆ ಮೀರಾಸಾಹೇಬರ ದರ್ಗಾ. ಅಬ್ದುಲ್ ಕರೀಂ ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡಾಗ ಅವರನ್ನು ಈ ದರ್ಗಾದಲ್ಲೇ ಮಣ್ಣು ಮಾಡಿದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ನಮ್ಮ ಧಾರವಾಡ ಸೀಮೆಯ ಹಾಡಿನ ಬೇರು ಈ ಗುಮ್ಮಟದ ನೆರಳಿನಲ್ಲಿದೆ. ಉರುಸಿನ ರಾತ್ರಿಗಳಲ್ಲಿ ದೊಡ್ಡ ದೊಡ್ಡ ಗವಾಯಿಗಳು ಬಂದು ಅಲ್ಲಿ ಕೂತು ಹಾಡಿ ಹೋಗುತ್ತಾರೆ.

ದರ್ಗಾದಿಂದ ಸ್ವಲ್ಪ ನಡೆದರೆ ಸಿತಾರ ಮಾಡುವವರ ಓಣಿ. ಹತಾರಕ್ಕೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ತಂತಿವಾದ್ಯದ ಕಡೆ ಕೈ ತಿರುಗಿಸಿದರು. ಅಂದಿನಿಂದ ಆ ಕಸುಬು ಕೈಯಿಂದ ಕೈಗೆ ನಡೆದು ಬಂದು, 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತು ಬಂತು. ಒಂದು ಅಂಗಡಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಅಟ್ಟದ ತುಂಬ ಒಣಗಿದ ಬುರುಡೆಗಳು. ಪಂಢರಪುರದ ಕಡೆ ಬೆಳೆಯುವ ಕಹಿ ಬುರುಡೆ, ದಪ್ಪ ತೊಗಟೆಯದು. ನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಬಾಯಿ ಕೊಯ್ದು, ಒಳಗೆ ಕೋಲು ಅಡ್ಡ ಕೊಟ್ಟು ಆಕಾರ ಹಿಗ್ಗಿಸಿ ಮತ್ತೆ ಒಣಗಿಸುತ್ತಾರೆ. ಮುದುಕರೊಬ್ಬರು ಒಂದನ್ನು ಬೋರಲು ಹಾಕಿ, ಬೆರಳ ಗಂಟಿನಿಂದ ಬಡಿದು, ಕಿವಿ ಕೊಟ್ಟು ಕೇಳಿ, ಪಕ್ಕಕ್ಕೆ ಸರಿಸಿದರು. ಇನ್ನೊಂದನ್ನು ಬಡಿದರು. ಕಿಟಕಿಯ ಬೆಳಕಿಗೆ ಅಟ್ಟದ ಬುರುಡೆಗಳ ಸಾಲು ಒಂದರ ಹಿಂದೊಂದು ಗುಮ್ಮಟಗಳ ಹಾಗೆ ಕಂಡಿತು. ಬೆಳಗ್ಗೆ ದಂಡೋಬಾದ ಮೇಲಿಂದ ನಾನು ಹುಡುಕಿ ಸಿಗದಿದ್ದ ಮಿರಜ ಇಲ್ಲಿ, ಅಟ್ಟದ ಮೇಲೆ, ಒಂದು ಕೈಯ ದೂರದಲ್ಲಿತ್ತು.

ಈ ಊರಿಗೆ ವರ್ಷಕ್ಕೊಮ್ಮೆ ಇನ್ನೊಂದು ಎತ್ತರ ಬರುತ್ತದೆ. ಗಣಪತಿ ಕಳಿಸುವ ಮೆರವಣಿಗೆಯ ದಾರಿಗೆ ಮಂಡಳಗಳವರು ಸ್ವಾಗತ ಕಮಾನು ಕಟ್ಟುತ್ತಾರೆ. ಮಿರಜದ ಕಮಾನು ನೋಡಲಿಕ್ಕೆಂದೇ ನಮ್ಮ ಹಳ್ಳಿಗಳಿಂದ ಗಾಡಿ ಮಾಡಿಕೊಂಡು ಹೋಗುತ್ತಿದ್ದರು. ಬಿದಿರು, ಬಟ್ಟೆ, ಬಣ್ಣ, ದೀಪ. ಆಜೂಬಾಜೂ ಮನೆಗಳಿಗಿಂತ ಎತ್ತರ. ಆ ಕೆಲವು ದಿನ ಮಿರಜದ ಆಕಾಶ ಬೇರೆಯೇ ಊರಿನದು. ಅದೇ ಎತ್ತರ 2009ರಲ್ಲಿ ಊರನ್ನು ಸುಟ್ಟಿತು. ಕಮಾನೊಂದರ ಚಿತ್ರದ ವಿಚಾರಕ್ಕೆ ಎದ್ದ ಗಲಭೆ ಸಾಂಗ್ಲಿಗೂ ಸುತ್ತಲಿಗೂ ಹಬ್ಬಿತು. ನಡುಬೀದಿಯಲ್ಲಿ ತಲೆಯ ಮೇಲೆ ಎದ್ದು ನಿಂತದ್ದನ್ನು ನೋಡದೆ ದಾಟಲು ಯಾರಿಗೂ ಆಗುವುದಿಲ್ಲ. ಮನೆಯೊಳಗಿನ ಚಿತ್ರಕ್ಕಿಲ್ಲದ ಹೊಣೆ ಅದಕ್ಕಿದೆ ಎಂದು ನಾನು ತಿಳಿದಿದ್ದೇನೆ. ಇದೇ ಮಾತು ಹನ್ನೆರಡು ತಿಂಗಳೂ ಚೌಕಗಳಲ್ಲಿ ನಿಂತಿರುವ ಹುಟ್ಟುಹಬ್ಬದ ಫ್ಲೆಕ್ಸುಗಳಿಗೂ ಸಲ್ಲುತ್ತದೆ. ಸಾಂಗ್ಲಿಯ ಒಂದು ಚೌಕದಲ್ಲಿ ನಿಂತು ಹಳೆಯ ವಾಡೆಯ ಮರದ ಕೆತ್ತನೆಯ ಬಾಲ್ಕನಿ ತೋರಿಸಬೇಕೆಂದು ಮಗಳನ್ನು ಕರೆದೊಯ್ದಿದ್ದೆ. ನಮಗೆ ಕಂಡದ್ದು ಕನ್ನಡಕ ಹಾಕಿದ ಹದಿನಾಲ್ಕು ಜನರ ಮುಖ.

ಹಾಗಾದರೆ ಸಾಂಗ್ಲಿಯಲ್ಲಿ ಎತ್ತರದ ಮಾತೇ ಆಡುವುದಿಲ್ಲವೇ? ದಿನಾ ಆಡುತ್ತಾರೆ. ಶ್ರಾವಣದಲ್ಲಿ ಚಹದ ಅಂಗಡಿಗೆ ಹೋಗಿ ನೋಡಿ. ಆ ಎತ್ತರ ಇನ್ನೂರು ಕಿಲೊಮೀಟರಿನಷ್ಟು ಕೆಳಗೆ, ನಮ್ಮ ಆಲಮಟ್ಟಿಯಲ್ಲಿದೆ. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿದಾಗಿನಿಂದ ಸಾಂಗ್ಲಿಯ ರಿಕ್ಷಾದವನಿಗೂ ಆ ಅಂಕಿ ಬಾಯಿಪಾಠ. ವಿಜಯಪುರ, ಬಾಗಲಕೋಟೆಯ ರೈತನಿಗೆ ಅದೇ ಅಂಕಿ ನೀರಾವರಿಯ ಭರವಸೆ. ಮುಳುಗಡೆಯಾದವನಿಗೆ ಕಳೆದುಕೊಂಡ ಮನೆ. ನಾನು ಎರಡೂ ಕಡೆಯ ಉಪ್ಪು ತಿಂದವನು. ಸಾಂಗ್ಲಿಯ ಅತ್ತೆಯ ಮನೆಯಲ್ಲಿ ಕೂತು ಆಲಮಟ್ಟಿಯ ಮಾತು ಬಂದಾಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಅಳಿಯ ಕರ್ನಾಟಕದವನು ಎಂದು ಅವರೂ ಮಾತು ತಿರುಗಿಸುತ್ತಾರೆ.

ಎರಡನೆಯ ಎತ್ತರ ಆಯರ್ವಿನ್ ಸೇತುವೆಯ ಕಂಬದ ಮೇಲೆ ಬರೆದದ್ದು. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. ಮಳೆಗಾಲದಲ್ಲಿ ಸಾಂಗ್ಲಿಯವರು ಫೋನಿನಲ್ಲಿ ‘ಹೇಗಿದ್ದೀರಿ’ ಎಂದು ಕೇಳುವುದಕ್ಕೆ ಮೊದಲು ‘ಸೇತುವೆಗೆ ಎಷ್ಟಾಗಿದೆ’ ಎಂದು ಕೇಳುತ್ತಾರೆ. ತನ್ನ ಮನೆ ಎಷ್ಟು ಅಡಿಗೆ ಮುಳುಗುತ್ತದೆ ಎಂಬುದು ಹಳೆ ಪೇಟೆಯ ಮಕ್ಕಳಿಗೂ ಗೊತ್ತು. ‘ನಮ್ಮದು ನಲವತ್ತಮೂರರ ಮನೆ’, ‘ಅವರದು ಐವತ್ತರದು’. ವಿಳಾಸದ ಹಾಗೆ ಹೇಳುತ್ತಾರೆ. ಮನೆ ನೋಡಲು ಬಂದ ಬೀಗರು ಕೂಡ ಕೇಳುತ್ತಾರೆ. ಬೇರೆ ಯಾವ ಊರಿನವರೂ ತಾವು ನಿಂತ ಎತ್ತರವನ್ನು ಇಷ್ಟು ಖಚಿತವಾಗಿ ಬಲ್ಲರೆಂದು ನನಗೆ ಅನಿಸುವುದಿಲ್ಲ. ನೂರು ಅಂತಸ್ತಿನ ಮೇಲೆ ಮಲಗುವ ದುಬೈನವರೂ ಇಲ್ಲ.

2005ರಲ್ಲಿ ನೀರು 53 ಅಡಿ ದಾಟಿತ್ತು. ಇನ್ನು ಇಂಥದ್ದು ಬರಲಾರದು ಎಂದುಕೊಂಡರು. 2019ರ ಆಗಸ್ಟಿನಲ್ಲಿ 57 ಅಡಿ ದಾಟಿತು. ಆ ವಾರ ನಾನು ಮಿರಜದವರೆಗೆ ಹೋಗಿ, ಮುಂದೆ ದಾರಿಯಿಲ್ಲದೆ ಅಲ್ಲೇ ಉಳಿದೆ. ಅತ್ತೆ, ಮಾವ, ಎರಡು ಸಣ್ಣ ಮಕ್ಕಳು ಹಳೆ ಸಾಂಗ್ಲಿಯ ಮನೆಯ ಮಾಳಿಗೆಯ ಮೇಲಿದ್ದರು. ಫೋನು ಹತ್ತಿದಾಗಲೆಲ್ಲ ಅತ್ತೆಗೆ, ಏನು ಕಾಣುತ್ತದೆ ಹೇಳಿ ಎಂದು ಕೇಳುತ್ತಿದ್ದೆ. ಕೇಳಿದ ಮೇಲೆ ಅಜ್ಜನ ನೆನಪಾಯಿತು. ಅತ್ತೆ ಹೇಳಿದರು: ಬೀದಿ ಇಲ್ಲ. ಅಂಗಡಿಗಳ ಬೋರ್ಡಿನ ಮೇಲ್ಪಟ್ಟಿ ಮಾತ್ರ ಇದೆ. ಎಲ್ಲರೂ ಮಾಳಿಗೆಯ ಮೇಲಿದ್ದಾರೆ. ಎದುರು ಮನೆಯವರು, ಅವರಾಚೆಯವರು, ಇಷ್ಟು ವರ್ಷ ಮಾತಾಡದ ಹಿಂದಿನ ಮನೆಯವರು. ಒಬ್ಬರು ಹಗ್ಗಕ್ಕೆ ಡಬ್ಬಿ ಕಟ್ಟಿ ಅನ್ನ ದಾಟಿಸುತ್ತಿದ್ದಾರೆ. ಕತ್ತಲಾದರೆ ಬ್ಯಾಟರಿ ಬೆಳಕು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಇದ್ದೀರಾ ಎಂದು ಕೇಳುವುದಕ್ಕೆ. ಅಲ್ಲಿಗೆ ಬಂದ ದೋಣಿ ಮೊದಲು ಮುದುಕರನ್ನೂ ಮಕ್ಕಳನ್ನೂ ಒಯ್ದಿತು. ಅದೇ ದಿನಗಳಲ್ಲಿ ಬ್ರಹ್ಮನಾಳ ಎಂಬ ಊರಿನಲ್ಲಿ ಜನರನ್ನು ತುಂಬಿ ತರುತ್ತಿದ್ದ ದೋಣಿ ಮಗುಚಿ ಹಲವರು ಸತ್ತರು. ಆ ಸುದ್ದಿ ತಿಳಿದ ರಾತ್ರಿ ಮಿರಜದಲ್ಲಿ ನಮಗೆ ಊಟ ಇಳಿಯಲಿಲ್ಲ.

ಎರಡು ವರ್ಷ ಕಳೆದು, 2021ರ ಜುಲೈನಲ್ಲಿ, ನೀರು ಮತ್ತೆ 50 ಅಡಿ ಮೀರಿತು.

ಅತ್ತೆಯ ಮನೆಯ ಮೆಟ್ಟಿಲ ಗೋಡೆಯ ಮೇಲೆ ಮಾವ ಕೆಂಪು ಪೇಂಟಿನಲ್ಲಿ ಮೂರು ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ವರ್ಷ. ನಡುವೆ ಬಂದ 2019ರ ಗೆರೆಯೇ ಎಲ್ಲಕ್ಕಿಂತ ಮೇಲೆ. ಗೆರೆಗಳು ಬಂದ ಕ್ರಮ ಬೇರೆ, ಏರಿದ ಕ್ರಮ ಬೇರೆ. ಮೊಮ್ಮಕ್ಕಳು ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತು ತಮ್ಮ ಎತ್ತರ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಿದ್ದಾರೆ. ಯಾರೂ ಇನ್ನೂ 2019ನ್ನು ಮುಟ್ಟಿಲ್ಲ.

ಈ ದೀಪಾವಳಿಗೆ ಹೋದಾಗ ಮಾಳಿಗೆಯ ಮೇಲೆ ಜಲ್ಲಿ, ಉಸುಕು ಬಿದ್ದಿತ್ತು. ಕಂಬಗಳ ತಲೆಯಿಂದ ಸರಳುಗಳು ಎದ್ದಿದ್ದವು. ನಮ್ಮ ಊರುಗಳ ಮಾಳಿಗೆಗಳ ಮೇಲೆ ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತಿರುವ ಈ ಸರಳುಗಳಷ್ಟು ನನಗೆ ಬೇಡವಾದದ್ದು ಇನ್ನೊಂದಿಲ್ಲವೆಂದು ಎಷ್ಟೋ ಸಲ ಬರೆದಿದ್ದೇನೆ. ಅರ್ಧಕ್ಕೆ ಬಿಟ್ಟ ಊರು ಅನಿಸುತ್ತದೆ ಎಂದಿದ್ದೆ. ‘ಆಣಖೀ ಏಕ್ ಮಜಲಾ’ ಎಂದರು ಮಾವ, ನನ್ನ ಮುಖ ನೋಡಿ. ಇನ್ನೊಂದು ಅಂತಸ್ತು. ಆಮೇಲೆ ನನಗಾಗಿ ಕನ್ನಡದಲ್ಲಿ, ‘ನೀರು ಬಂದರೆ ಹಾಸಿಗೆ, ಕಾಳು, ಕಾಗದಪತ್ರ ಇಡೋಕೆ ಜಾಗ ಬೇಕಲ್ಲ’ ಎಂದರು. ಬಾಡಿಗೆಗೂ ಅಲ್ಲ, ಮೆರೆಯುವುದಕ್ಕೂ ಅಲ್ಲ. ಬೀದಿಯ ಉದ್ದಕ್ಕೂ ನೋಡಿದೆ. ಎಷ್ಟೋ ಮನೆಗಳ ತಲೆಯ ಮೇಲೆ ಅಂಥದೇ ಸರಳು, ಅಂಥದೇ ಇಟ್ಟಂಗಿ. ಹಳೆ ಸಾಂಗ್ಲಿ ಮೇಲಕ್ಕೆ ಏಳುತ್ತಿರುವುದು ಹರಿಪುರದ ಅರಿಸಿನ ಎದ್ದ ಕಾರಣಕ್ಕೇ. ಕೈಯಲ್ಲಿ ಹಣವಿದ್ದವರು ವಿಶ್ರಾಮಬಾಗಿನ ದಿಣ್ಣೆಗೋ ಮಿರಜಕ್ಕೋ ಹೋಗುತ್ತಾರೆ. ಇಲ್ಲೇ ಇರಬೇಕೆಂದವರು ಒಂದೊಂದೇ ಅಂತಸ್ತು ಹತ್ತುತ್ತಾರೆ.

ನನ್ನ ದೂರು ಹಾಗೇ ಇದೆ. ಈ ಮಾಳಿಗೆಯಿಂದ ಪಶ್ಚಿಮಕ್ಕೆ, ಎರಡು ಗಿಡಗಳ ನಡುವೆ ಗುಡಿಯ ಶಿಖರದ ತುದಿ ಕಾಣುತ್ತಿತ್ತು. ಎದುರಿನವರು ತಮ್ಮ ಅಂತಸ್ತು ಏರಿಸಿದ ಮೇಲೆ ಕಳಸವಷ್ಟೇ ಉಳಿದಿದೆ. ಮಾವ ಏರಿಸಿದರೆ ಹಿಂದಿನ ಮನೆಯವರಿಗೆ ಅದೂ ಹೋಗುತ್ತದೆ. ಸಾಂಗ್ಲಿವಾಡಿಯ ದಂಡೆಯಿಂದ ಶಿಖರದವರೆಗೆ, ಮಿರಜದ ನಿಲ್ದಾಣದ ಕಡೆಯಿಂದ ಗುಮ್ಮಟದವರೆಗೆ ಒಂದೊಂದು ನೋಟವನ್ನಾದರೂ ಗುರುತಿಸಿ, ಅದಕ್ಕೆ ಅಡ್ಡ ಬರುವ ಫ್ಲೆಕ್ಸು, ಟವರು, ಗೋಪುರಗಳಿಗೆ ಪಾಲಿಕೆ ಬೇಡ ಅನ್ನಬೇಕು. ದೊಡ್ಡ ಖರ್ಚಿಲ್ಲ. ಆದರೆ ನೀರಿಗೆ ಹೆದರಿ ಒಂದು ಅಂತಸ್ತು ಏರಿಸುವವನಿಗೆ ಬೇಡ ಅನ್ನುವ ಬಾಯಿ ನನಗಿಲ್ಲ. ಈ ಎರಡನ್ನೂ ಒಂದೇ ನಕಾಶೆಯ ಮೇಲೆ ಇಟ್ಟು ನೋಡುವ ಎಂಜಿನಿಯರುಗಳು ಈ ಊರಿನಲ್ಲೇ ಇದ್ದಾರೆ. ವಾಲಚಂದ್ ಕಾಲೇಜು 1947ರಿಂದ ಅವರನ್ನು ಕಲಿಸಿ ಕಳಿಸುತ್ತಿದೆ.

ಸಂಜೆ ಅತ್ತೆ ಒಣಗಿದ ಬಟ್ಟೆ ತೆಗೆಯಲು ಮಾಳಿಗೆಗೆ ಬಂದರು. ಒಂದು ಸರಳಿನಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿದ್ದರು. ಬಟ್ಟೆ ಮಡಚುತ್ತ, ಎಡಕ್ಕೆ ಸರಿದು ನಿಲ್ಲಿ ಎಂದು ನನಗೆ ಹೇಳಿದರು. ಸರಿದೆ. ಇನ್ನೂ ಸ್ವಲ್ಪ, ಎಂದರು. ಎದುರು ಮನೆಯ ಟಾಕಿಯ ಬದಿಯಿಂದ ಕಳಸ ಹೊಳೆಯಿತು.